ಒಂದು ಮೊರ ತೌಡು

ಜಗತ್ತಿನಲ್ಲಿ ಕಸ ಎಂಬ ಪದಾರ್ಥವೇ ಇಲ್ಲ ಎಂದು ಮನಸಾರೆ ನಂಬಿದವರನ್ನು ನೀವು ನೋಡಿದ್ದೀರಾ? ನಾನು ಒಬ್ಬಳನ್ನು ನೋಡಿದ್ದೇನೆ. ನೋಡುವುದೇನು ಬಂತು, ಅವಳ ಕೈಯಲ್ಲೇ ಬೆಳೆದಿದ್ದೇನೆ. ಅವಳು ನಮ್ಮ ಸೋದರತ್ತೆ. ಅವಳ ಪ್ರಕಾರ ಲೋಕದಲ್ಲಿರುವ ವಸ್ತುಗಳು ಎರಡೇ ಬಗೆ: ಈಗ ಉಪಯೋಗಕ್ಕೆ ಬರುವಂಥವು, ಮುಂದೆ ಉಪಯೋಗಕ್ಕೆ ಬರುವಂಥವು. ಮೂರನೆಯದೊಂದು ಬಗೆ ಇದೆ, ಅದನ್ನು ಮನೆಯಿಂದ ಹೊರಗೆ ಹಾಕಬೇಕು ಎಂದು ಜನಕ್ಕೆ ತಿಳಿಸಿ ಹೇಳುವುದಕ್ಕೆ ಸರಕಾರ ಒಬ್ಬನನ್ನು ನೇಮಿಸಿತ್ತು. ಆ ಒಬ್ಬ ಬೇರೆ ಯಾರೂ ಅಲ್ಲ, ನಾನೇ!

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಬೋರ್ಡಾಫೀಸಿನಲ್ಲಿ ನಾನು ಗುಮಾಸ್ತ. ಬೀದಿದೀಪ, ಬಾವಿ, ಜನನ ಮರಣ ಎಲ್ಲಕ್ಕೂ ಬೇರೆ ಬೇರೆ ಗುಮಾಸ್ತರಿದ್ದರು. ನನ್ನ ಪಾಲಿಗೆ ಬಂದದ್ದು ಕಸ. ಹೀಗಾಗಿ ಊರಲ್ಲಿ ನನ್ನನ್ನು 'ಕಸದ ಗುಮಾಸ್ತ್ರು' ಎಂದು ಗೌರವದಿಂದಲೇ ಕರೆಯುತ್ತಿದ್ದರು. ನನ್ನ ಹೆಸರು ತಿಪ್ಪಣ್ಣ. ಕಸದ ಖಾತೆಗೆ ಈ ಹೆಸರಿನವನನ್ನೇ ಯಾಕೆ ಹಾಕಿದರು ಎಂದು ನನ್ನನ್ನು ಕೇಳಬೇಡಿ. ಸರಕಾರಕ್ಕೂ ಆಗಾಗ ನಗುವ ಆಸೆ ಇರುತ್ತದೆ.

ಈ ಹೆಸರಿನ ಹಿಂದಿನ ಕತೆ ನಮ್ಮ ಕಡೆಯವರಿಗೆ ಗೊತ್ತಿರುವುದೇ. ನನಗಿಂತ ಮುಂಚೆ ನಮ್ಮವ್ವನಿಗೆ ಮೂರು ಮಕ್ಕಳಾಗಿ ಮೂರೂ ಉಳಿಯಲಿಲ್ಲ. ನಾಲ್ಕನೆಯವನಾದ ನನ್ನನ್ನು ಹುಟ್ಟಿದ ಐದನೆಯ ದಿನ ಮೊರದಲ್ಲಿ ಮಲಗಿಸಿ, ಮನೆಯ ಪಕ್ಕದ ತಿಪ್ಪೆಯ ಮೇಲೆ ಇಟ್ಟು ಬಂದರು. ದಾರಿಹೋಕಳಂತೆ ಆ ಕಡೆ ಬಂದ ಸೋದರತ್ತೆ "ಯಾರದವ್ವಾ ಈ ಕೂಸು?" ಎಂದು ಎತ್ತಿಕೊಂಡಳು. ನಮ್ಮವ್ವ ಏನೂ ಅರಿಯದವಳಂತೆ ಬಂದು ಒಂದು ಮೊರ ತೌಡು ಕೊಟ್ಟು ನನ್ನನ್ನು ಅವಳಿಂದ ಕೊಂಡುಕೊಂಡಳು. ತಿಪ್ಪೆಯಲ್ಲಿ ಸಿಕ್ಕಿ ತೌಡಿಗೆ ಮಾರಾಟವಾದ ಇಂಥ ಕೂಸು ಯಾರಿಗೆ ಬೇಕು ಎಂದು ಸಾವು ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಗುತ್ತದಂತೆ. ಹೋಯಿತು ಅಂತಲೇ ಕಾಣುತ್ತದೆ; ನಲವತ್ತೈದು ದಾಟಿತು, ತಲೆಗೂದಲು ಹೋಗಿದೆಯೇ ಹೊರತು ನಾನಿನ್ನೂ ಇದ್ದೇನೆ. ನನ್ನ ಹೆಂಡತಿ ಮಾತ್ರ ಈ ಕತೆಯನ್ನು ಬೇಕಾದಾಗಲೆಲ್ಲ ಉಪಯೋಗಿಸುತ್ತಾಳೆ.

"ನಿಮ್ಮ ಬೆಲಿ ನನಗ ಗೊತ್ತಿಲ್ಲೇನ್ರೀ? ಒಂದು ಮೊರ ತೌಡು!"

"ಆಗಿನ ತೌಡು ಬ್ಯಾರೆ, ಈಗಿನ ಧಾರಣಿ ಬ್ಯಾರೆ" ಎಂದು ನಾನು ಹೇಳಿ ನೋಡುತ್ತೇನೆ. ಕೊಂಡುಕೊಳ್ಳಲು ಇನ್ನೊಬ್ಬರು ಯಾರೂ ಮುಂದೆ ಬರುವುದಿಲ್ಲ.

ಇರಲಿ, ಅತ್ತೆಯ ಮಾತಿಗೆ ಬರೋಣ. ಸಂಡೂರಿಗೆ ಕೊಟ್ಟಿದ್ದ ಅವಳು ಹದಿನೆಂಟು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಒಂದು ಟ್ರಂಕಿನೊಂದಿಗೆ ತವರಿಗೆ ಬಂದವಳು, ಮತ್ತೆ ಹೋಗಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಮನೆ ನನ್ನ ಹೆಸರಿಗೆ, ಆಡಳಿತ ಅವಳ ಹೆಸರಿಗೆ. ನಮ್ಮ ಮನೆಯಲ್ಲಿ ಕಸ ಗುಡಿಸಿ ಮುಗಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತಿತ್ತು. ಗುಡಿಸಿದ ಗುಡ್ಡೆಯ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತು ಪಾಲು ಮಾಡುತ್ತಿದ್ದಳು. ಬೂದಿ ಪಾತ್ರೆ ತಿಕ್ಕುವುದಕ್ಕೆ. ಸಿಪ್ಪೆ, ಅಕ್ಕಿ ತೊಳೆದ ನೀರು ಎಮ್ಮೆಗೆ. ಚಿಂದಿ ಕೌದಿಗೆ. ತಲೆ ಬಾಚಿದಾಗ ಬಂದ ಕೂದಲು ಗೋಡೆಯ ಬಿರುಕಿಗೆ. ತಿಂಗಳಿಗೊಮ್ಮೆ ಬರುವ ಸೂಜಿ ಮಾರುವವಳಿಗೆ ಕೂದಲು ಕೊಟ್ಟು ಸೂಜಿ ತೆಗೆದುಕೊಳ್ಳುತ್ತಿದ್ದಳು. ನನ್ನ ತಲೆ ಬೋಳಾಗತೊಡಗಿದಾಗ ಇಡೀ ಮನೆಯಲ್ಲಿ ಸಂತೋಷಪಟ್ಟವಳು ಅವಳೊಬ್ಬಳೇ. ಆ ವರ್ಷ ನಮ್ಮ ಮನೆಗೆ ಹದಿನಾರು ಸೂಜಿ ಬಂದವು!

ಒಡೆದ ಗಡಿಗೆಗಳದ್ದು ಇನ್ನೊಂದು ಪ್ರಕರಣ. ಹಿತ್ತಲ ಗೋಡೆಯುದ್ದಕ್ಕೂ ನಮ್ಮಜ್ಜನ ಕಾಲದಿಂದ ಒಡೆದ ಗಡಿಗೆಗಳೆಲ್ಲ ಹೋಳಿನ ಮೇಲೆ ಹೋಳಾಗಿ ಕೂತಿದ್ದವು. ಅದರೊಳಗೆ ಹಾವು ಸೇರಿಕೊಂಡಿದ್ದರೆ, ಚೇಳಿದ್ದರೆ ಎಂದು ನನಗೆ ದಿನಾ ಚಿಂತೆ. (ಚಿಂತೆ ಮಾಡುವುದು ನನ್ನ ಹಳೆಯ ರೂಢಿ. ಯಾವ ಚಿಂತೆಯೂ ಇಲ್ಲದ ದಿನ, ಏನನ್ನೋ ಮರೆತಿದ್ದೇನೆ ಎಂಬ ಚಿಂತೆ ಹಿಡಿಯುತ್ತದೆ.) ಒಂದು ದಿನ ಧೈರ್ಯ ಮಾಡಿ ಹೇಳಿದೆ.

"ಅತ್ತಿ, ಒಡದ ಗಡಿಗಿ ಯಾಕ ಬೇಕು? ಹೊರಗ ಹಾಕೋಣಲ್ಲ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಪ್ಯಾಗ ಒಡದ ಕಲ್ಲು ನೋಡಾಕ ದೊರಿಗಳು ಟೊಪಗಿ ಹಾಕ್ಕೊಂಡು ಹಡಗಿನ್ಯಾಗ ಬರ್ತಾರ. ನಮ್ಮ ಒಡದ ಗಡಿಗಿ ಏನು ಪಾಪ ಮಾಡೇತ್ಲೇ?"

ಅಂದಿನಿಂದ ನಾನು ಹಿತ್ತಲಿಗೆ ಕೋಲು ಹಿಡಿದೇ ಹೋಗುತ್ತೇನೆ.

ಹೀಗೆ ಎಲ್ಲರ ಪಾಲು ಮುಗಿದು, ಯಾರಿಗೂ ಬೇಡವಾಗಿ ಉಳಿದದ್ದು ತಿಪ್ಪೆಗೆ ಹೋಗುತ್ತಿತ್ತು. ನಮ್ಮ ತಿಪ್ಪೆ ಮನೆಯ ಪಕ್ಕದ ಬಯಲಲ್ಲಿ, ಓಣಿ ತಿರುಗುವ ಜಾಗದಲ್ಲೇ ಇತ್ತು. ಓಣಿಗೆ ಬಂದವರಿಗೆ ಮೊದಲು ತಿಪ್ಪೆಯ ದರ್ಶನ, ಆಮೇಲೆ ನಮ್ಮದು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಗೊಬ್ಬರವನ್ನು ಬಂಡಿಯಲ್ಲಿ ಕಂಪ್ಲಿ ಕಡೆಯ ಗದ್ದೆಗೆ ಸಾಗಿಸುತ್ತಿದ್ದರು. ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ನಿಂತಿರುತ್ತಿದ್ದಳು. ತಿಪ್ಪೆ ಕರಗಿ ನೆಲ ಮುಟ್ಟುವ ಹೊತ್ತಿಗೆ "ಸಾಕು, ಬುಡ ಬಿಡ್ರಿ" ಎನ್ನುತ್ತಿದ್ದಳು. ಒಂದು ಮೊಳ ಎತ್ತರದ ಬುಡ ಹಾಗೇ ಉಳಿಯಬೇಕು. ಯಾಕೆ ಎಂದು ಕೇಳಿದರೆ, "ಹೆಪ್ಪು ಇಲ್ದ ಮೊಸರು ಆಕ್ಕೈತೇನು? ತಿಪ್ಪಿಗೂ ಹೆಪ್ಪು ಬೇಕು" ಎಂಬ ಉತ್ತರ. ಕೃಷಿಶಾಸ್ತ್ರ ಓದದ ನಾನು ಅದನ್ನು ನಂಬಿದ್ದೆ.

ಈಗಿನ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ ನಮ್ಮ ಬೋರ್ಡು ಕಸದ ಬಂಡಿ ತಂದಿತು. ತಗಡಿನ ಮೈ, ಎರಡು ಎತ್ತು, ಕೊರಳಿಗೆ ಗಂಟೆ. ಮನೆ ಮನೆಯ ಕಸವನ್ನು ಒಯ್ದು ಊರಾಚೆಯ ಗುಂಡಿಯಲ್ಲಿ ಕೊಳೆಸಿ ಕಬ್ಬಿನ ರೈತರಿಗೆ ಗೊಬ್ಬರವಾಗಿ ಕೊಡಬೇಕೆಂಬುದು ಹೊಸ ಸ್ಯಾನಿಟರಿ ಇನ್‌ಸ್ಪೆಕ್ಟರರ ಯೋಜನೆ. ಅವರು ಮದರಾಸಿನ ಕಡೆಯಿಂದ ವರ್ಗವಾಗಿ ಬಂದವರು. ಕನ್ನಡವನ್ನು ಪುಸ್ತಕದಿಂದ ಕಲಿತು ಪುಸ್ತಕದಂತೆಯೇ ಆಡುತ್ತಿದ್ದರು. "ತಿಪ್ಪಣ್ಣನವರೇ, ಯಾವ ಓಣಿಗೆ ಯಾವ ವಾರ ಬಂಡಿಯನ್ನು ಕಳುಹಿಸತಕ್ಕದ್ದು ಎಂಬ ಪಟ್ಟಿಯನ್ನು ತಾವು ಸಿದ್ಧಪಡಿಸತಕ್ಕದ್ದು" ಎಂದರು.

ಪಟ್ಟಿಯ ಚಿಂತೆಯಲ್ಲಿ ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಅದು ಬಿಟ್ಟೆ. ಸಂತೆಯ ದಿನ ಬಂಡಿಗೆ ದಾರಿ ಸಿಗುವುದಿಲ್ಲ; ಅದೂ ಬಿಟ್ಟೆ. ಅಮಾವಾಸ್ಯೆ, ಹುಣ್ಣಿಮೆ, ಎತ್ತಿಗೆ ಲಾಳ ಕಟ್ಟಿಸುವ ದಿನ, ಎಲ್ಲವನ್ನೂ ಬಿಟ್ಟು, ಅಳೆದು ಸುರಿದು, ನಮ್ಮ ಓಣಿಗೆ ಮಂಗಳವಾರ ಮತ್ತು ಶುಕ್ರವಾರ ಎಂದು ಬರೆದೆ. ಬರೆದು, ಇಂಥ ಪಟ್ಟಿ ಜಿಲ್ಲೆಯಲ್ಲೇ ಇಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಮಂಗಳವಾರ ಬಂಡಿ ಗಂಟೆ ಬಾರಿಸುತ್ತ ಬಂತು. ಯಾರೂ ಹೊರಗೆ ಬರಲಿಲ್ಲ. ಬಂಡಿ ಹೊಡೆಯುವ ಹನುಮ ಓಣಿಯ ತುದಿಯವರೆಗೆ ಹೋಗಿ, ತಿರುಗಿ, ಖಾಲಿ ಬಂಡಿ ಹೊಡೆದುಕೊಂಡು ಹೋದ. ಶುಕ್ರವಾರವೂ ಅದೇ. ಮುಂದಿನ ವಾರವೂ ಅದೇ. ಜನ ಸರಕಾರದ ವಿರುದ್ಧ ಏನಾದರೂ ಸತ್ಯಾಗ್ರಹ ಹೂಡಿದ್ದಾರೆಯೋ, ಅದಕ್ಕೆ ನನ್ನ ಕಸವೇ ಬೇಕಾಗಿತ್ತೋ ಎಂದು ಹೊಸ ಚಿಂತೆ ಹಿಡಿಯಿತು. ಮನೆಗೆ ಬಂದು ಅತ್ತೆಯ ಮುಂದೆ ಗೋಳು ತೋಡಿಕೊಂಡೆ. ಅತ್ತೆ ಕೌದಿ ಹೊಲಿಯುತ್ತ ಕೂತಿದ್ದಳು.

"ಮಂಗಳಾರ, ಶುಕ್ರಾರ ಯಾವ ಮುತ್ತೈದಿ ಮನಿ ಕಸ ಹೊರಗ ಕೊಡ್ತಾಳೋ ತಿಪ್ಪ್ಯಾ? ಮನ್ಯಾಗಿನ ಲಕ್ಷ್ಮೀನ ಗಂಟಿ ಬಾರಿಸಿ ಬಂಡ್ಯಾಗ ಕುಂದ್ರಿಸಿ ಕಳಿಸು ಅಂತಿ?"

ನಾನು ಹಣೆ ಹಣೆ ಬಡಿದುಕೊಂಡೆ. ಎತ್ತಿನ ವಾರ ನೆನಪಿತ್ತು. ಲಕ್ಷ್ಮಿಯ ವಾರ ಮರೆತುಹೋಗಿತ್ತು! "ಇದನ್ನ ಮದ್ಲ ಹೇಳಬಾರದಿತ್ತಾ ಅತ್ತಿ?"

"ನೀ ಕೇಳಿದ್ದೇನು? ಮೂರು ದಿನ ಉಣ್ಣದ ಬರಿಯಾಕತ್ತಿದ್ದಿ. ಏನೋ ದೊಡ್ಡದು ಬರಿತೈತಿ ಕೂಸು ಅಂತ ಸುಮ್ನಿದ್ದೆ."

ಮರುದಿನವೇ ವಾರ ಬದಲಿಸಿ ಬುಧವಾರ, ಶನಿವಾರ ಮಾಡಿದೆ. ಆದರೆ ಅಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಎರಡು ವಾರ ಖಾಲಿ ಬಂದ ಬಂಡಿಯನ್ನು ಕಂಡು ಇನ್‌ಸ್ಪೆಕ್ಟರರು ಬೇರೆಯೇ ತೀರ್ಮಾನಕ್ಕೆ ಬಂದಿದ್ದರು. "ತಿಪ್ಪಣ್ಣನವರೇ! ತಮ್ಮ ಓಣಿಯ ಜನರು ಕಸವನ್ನು ಉತ್ಪಾದಿಸುವುದೇ ಇಲ್ಲ! ಇಷ್ಟು ನಿರ್ಮಲವಾದ ಓಣಿಯನ್ನು ನಾನು ಎಲ್ಲಿಯೂ ಕಂಡಿಲ್ಲ!" ಎಂದು ನನ್ನ ಕೈ ಕುಲುಕಿದರು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅವರ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ಅದುವರೆಗೆ ನೋಡಿರಲಿಲ್ಲ, ಬಾಯಿ ಮುಚ್ಚಿದೆ. ಹೊಗಳಿಕೆಯ ರಿಪೋರ್ಟು ಆಗಲೇ ಟಪಾಲಿನಲ್ಲಿ ಹೋಗಿಯಾಗಿತ್ತು.

ಬುಧವಾರ ಬಂಡಿ ಬಂದಾಗ ನಿರ್ಮಲವಾದ ನಮ್ಮ ಓಣಿ ಎರಡು ವಾರದ ಕಸವನ್ನು ಒಮ್ಮೆಲೇ ತಂದು ಸುರಿಯಿತು. ಅತ್ತೆ ಬಂಡಿಯ ಪಕ್ಕದಲ್ಲೇ ನಿಂತಳು. ನಮ್ಮ ಮನೆಯಿಂದ ಒಂದು ಕಡ್ಡಿಯನ್ನೂ ಕೊಡಲಿಲ್ಲ; ಬೇರೆಯವರು ಕೊಡುವುದನ್ನು ಪರೀಕ್ಷೆ ಮಾಡುವುದಕ್ಕೆ ನಿಂತಳು! ಒಬ್ಬರ ಬುಟ್ಟಿಯಿಂದ ಹಿತ್ತಾಳೆಯ ಚಮಚ ಎತ್ತಿ ವಾಪಸು ಕೊಟ್ಟಳು. ಇನ್ನೊಬ್ಬರ ಬುಟ್ಟಿಯಿಂದ ಹರಿದ ಕುಪ್ಪಸ ತೆಗೆದು "ಇದು ಇನ್ನಾ ಎರಡು ಕೌದಿಗೆ ಆಕ್ಕೈತಿ" ಎಂದು ಕಂಕುಳಲ್ಲಿಟ್ಟುಕೊಂಡಳು. ಆಮೇಲೆ ಬಂತು ನೋಡಿ, ಓಣಿಯಲ್ಲೇ ಅತಿ ಮಡಿವಂತರೆಂದು ಹೆಸರಾದವರ ಮನೆಯ ಬುಟ್ಟಿ. ಅತ್ತೆ ಅದರ ತಳದಿಂದ ಬೆಳ್ಳಗಿನ ಏನನ್ನೋ ಎತ್ತಿ ಹಿಡಿದಳು. ಕೋಳಿಮೊಟ್ಟೆಯ ಓಡು! ಓಣಿಗೆ ಓಣಿಯೇ ಉಸಿರು ಬಿಗಿಹಿಡಿಯಿತು. ಅತ್ತೆಗೆ ಅದರ ಪರಿವೆಯೇ ಇಲ್ಲ. ಆ ಮನೆಯ ಯಜಮಾನಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗಿ ಹೇಳಿದಳು: "ಇದನ್ನ ಬಂಡಿಗೆ ಹಾಕಬ್ಯಾಡ್ರೆವ್ವಾ, ಪುಡಿ ಮಾಡಿ ಗುಲಾಬಿ ಗಿಡಕ್ಕ ಹಾಕ್ರಿ, ಮಸ್ತ್ ಹೂ ಬಿಡ್ತೈತಿ! ಎಷ್ಟದಾವ ಮನ್ಯಾಗ?"

ಆ ಮನೆಯವರು ಮುಂದೆ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವರ ಗುಲಾಬಿ ಮಾತ್ರ ಆ ವರ್ಷ ಗೊಂಚಲು ಗೊಂಚಲಾಗಿ ಬಿಟ್ಟಿತು.

ಹನುಮನಿಗೂ ಅತ್ತೆಗೂ ಪ್ರತಿ ವಾರ ಜಗಳ, ಪ್ರತಿ ವಾರ ಮಜ್ಜಿಗೆ. ಕಟ್ಟೆಯ ಕೆಳಗೆ ನಿಂತು ಬೊಗಸೆ ಒಡ್ಡಿದ ಅವನಿಗೆ ಅವಳು ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದಳು. ಅದು ತಪ್ಪೆಂದು ಅವಳಿಗೂ ಹೊಳೆದಿರಲಿಲ್ಲ, ನಾಚಿಕೆಯ ಮಾತೆಂದರೆ ನನಗೂ ಹೊಳೆದಿರಲಿಲ್ಲ. ಅವನು ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡು, "ಅವ್ವಾರ, ಊರಾಗ ಎಲ್ರೂ ನನಗ ಕಸ ಕೊಡ್ತಾರ. ನೀವೊಬ್ರು ನನ್ನ ಬಂಡ್ಯಾಗಿಂದ ಕಸ ತಗೊಂತೀರಿ. ನಾ ಯಾರ ಕಡೆ ದೂರು ಹೇಳಲಿ?" ಎಂದು ಕೇಳುತ್ತಿದ್ದ. ದೂರು ಕೇಳಬೇಕಾದ ಗುಮಾಸ್ತ ಬಾಗಿಲ ಹಿಂದೆ ಅಡಗಿರುತ್ತಿದ್ದ.

ಹೀಗೆ ಹೇಗೋ ನಡೆದುಕೊಂಡು ಹೋಗುತ್ತಿದ್ದಾಗ ಒಂದು ದಿನ ಇನ್‌ಸ್ಪೆಕ್ಟರರು ಕೈಯಲ್ಲಿ ಕಾಗದ ಹಿಡಿದು ಓಡೋಡಿ ಬಂದರು. ಅವರ ರಿಪೋರ್ಟು ಓದಿದ ಮೇಲಿನ ಸಾಹೇಬರು ಕ್ಯಾಂಪ್ ಬರುವಾಗ ಆ ನಿರ್ಮಲವಾದ ಓಣಿಯನ್ನು ಖುದ್ದಾಗಿ ನೋಡುತ್ತಾರಂತೆ! ಇನ್ನು ಹದಿನೈದು ದಿನ. (ಕೊನೆಗೆ ಅವರು ಬರಲೇ ಇಲ್ಲ. ಕ್ಯಾಂಪ್ ಬೇರೆ ಕಡೆಗೆ ಬದಲಾಯಿತು. ಆದರೆ ಅದು ಆಗ ನನಗೆ ಹೇಗೆ ಗೊತ್ತಾಗಬೇಕು?) ಇನ್‌ಸ್ಪೆಕ್ಟರರು ಆ ಸಂಜೆಯೇ ಮೊದಲ ಬಾರಿಗೆ ನಮ್ಮ ಓಣಿಗೆ ಬಂದರು. ತಿರುವಿನಲ್ಲಿ ಮೊದಲು ಕಂಡದ್ದು ಏನೆಂದು ಮತ್ತೆ ಹೇಳಬೇಕೇ? ಎದೆಯೆತ್ತರ, ಮೇಲೆ ಒಂದು ಕೋಳಿ!

"ಇದು ಯಾರಿಗೆ ಸೇರಿದ್ದು?"

"ನಮ್ಮದೇ ಸಾಹೇಬರೇ."

ಅವರು ಮೂಗಿಗೆ ಕರವಸ್ತ್ರ ಹಿಡಿದು ಅದನ್ನು ಒಂದು ಸುತ್ತು ಹಾಕಿದರು. ಆಮೇಲೆ ಹೇಳಿದರು: "ಇದನ್ನು ಬುಡಸಹಿತ ತೆಗೆಯಿಸಿ, ನೆಲವನ್ನು ಸಮತಟ್ಟು ಮಾಡಿ ಮರಳನ್ನು ಹರಡತಕ್ಕದ್ದು. ತಪ್ಪಿದಲ್ಲಿ ನಾನು ಸುಳ್ಳುಗಾರನಾಗುವೆನು. ತಾವು ನಿರುದ್ಯೋಗಿಗಳಾಗುವಿರಿ."

ನಾನು ಗಟ್ಟಿ ಮನಸ್ಸು ಮಾಡಿದೆ. ಜೀವಮಾನದಲ್ಲಿ ಮೊದಲ ಸಲ! ಮನೆಯವರೆಂದು ಬಿಟ್ಟರೆ ಕಾನೂನಿಗೆ ಬೆಲೆ ಎಲ್ಲಿ ಉಳಿಯಿತು? ಆಫೀಸಿಗೆ ಹೋಗಿ, ನಮ್ಮ ಸೋದರತ್ತೆಯ ಹೆಸರಿಗೆ ನಾನೇ ನೋಟೀಸು ಬರೆದು, ನಾನೇ ಮೊಹರು ಒತ್ತಿ, ಮನೆಗೆ ತಂದು ನಾನೇ ಜಾರಿ ಮಾಡಿದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ ನೋಡಿದಳು. "ಭಾಳ ಚಲೋ ಕಾಗದ ಐತಲ್ಲೋ!" ಎಂದು ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಕಟ್ಟಿದಳು. ಸರಕಾರದ ಮೊಹರು ಮೇಲೆ, ಉಪ್ಪಿನಕಾಯಿ ಕೆಳಗೆ.

ಎರಡು ದಿನ ಬಿಟ್ಟು ಎರಡನೆಯ ನೋಟೀಸು ಕೊಟ್ಟೆ. ಇನ್ನೂ ಬಿರುಸಿನ ಭಾಷೆ. ಮೂರನೆಯದು ಅದಕ್ಕಿಂತ ಬಿರುಸು. ಅವೆರಡನ್ನೂ ಅತ್ತೆ ನೀರಲ್ಲಿ ನೆನೆಹಾಕಿದಳು. ನಮ್ಮ ಮನೆಗಳಲ್ಲಿ ಮೊರ ಹಳೆಯದಾಗಿ ಸಂದು ಬಿಟ್ಟರೆ, ನೆನೆದ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ ಬಳಿಯುತ್ತಾರಲ್ಲ, ಹಾಗೆ ನನ್ನ ಕಾನೂನು ಕಟ್ಟಳೆಗಳನ್ನೆಲ್ಲ ನುಣ್ಣಗೆ ರುಬ್ಬಿ ಮೊರಕ್ಕೆ ಬಳಿದು ಬಿಸಿಲಿಗಿಟ್ಟಳು.

"ಅರ್ಧ ಮೊರಕ್ಕ ಆತು. ಇನ್ನೆರಡು ಬರದು ತಾ" ಎಂದಳು.

ತಂದೆ. ನಾಲ್ಕನೆಯದನ್ನೂ ಐದನೆಯದನ್ನೂ ಬರೆದು ತಂದೆ! ಕಾನೂನಿನ ಪ್ರಕಾರ ಕೊಡಲೇಬೇಕಿತ್ತು.

ಆದರೂ ಒಂದು ಮಾತು ಹೇಳಬೇಕು. ಅತ್ತೆ ಪೂರ್ತಿ ಹಟ ಹಿಡಿದಿರಲಿಲ್ಲ. "ಮ್ಯಾಲಿಂದೆಲ್ಲಾ ಒಯ್ಯಿ, ಯಾರು ಬ್ಯಾಡಂದ್ರು? ಬುಡ ಮಾತ್ರ ಮುಟ್ಟಬ್ಯಾಡ" ಎನ್ನುತ್ತಿದ್ದಳು. ನಾನು ಇದನ್ನು ಇನ್‌ಸ್ಪೆಕ್ಟರರಿಗೆ ಹೇಳಿದೆ. "ಮೊಳದಷ್ಟು ತಿಪ್ಪೆಯೂ ತಿಪ್ಪೆಯೇ ಆಗಿರುತ್ತದೆ" ಎಂದರು. ಈ ಕಡೆ ಬುಡ ಬಿಡದ ಅತ್ತೆ, ಆ ಕಡೆ ಬುಡಸಹಿತ ಎನ್ನುವ ಸಾಹೇಬರು. ನಡುವೆ ತೂಕ ಕಳೆದುಕೊಳ್ಳುತ್ತಿದ್ದವನು ನಾನು.

ಕೊನೆಯ ಶನಿವಾರ ಬೆಳಗ್ಗೆ ಹನುಮ ಬಂಡಿ ತಂದ. ಜೊತೆಗೆ ಗುದ್ದಲಿ ಹಿಡಿದ ಇಬ್ಬರು ಆಳು. ಮೂರು ಸಲ ಬಂಡಿ ತುಂಬಿ ಹೋಗಿ ಬಂತು. ಅತ್ತೆ ಕಟ್ಟೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ನಾಲ್ಕನೆಯ ಸಲಕ್ಕೆ ಗುದ್ದಲಿ ಬುಡಕ್ಕೆ ತಾಗಿತೋ ಇಲ್ಲವೋ, ಎದ್ದು ಬಂದವಳೇ ಆ ಮೊಳದೆತ್ತರದ ಬುಡದ ಮೇಲೆ ಕಾಲು ಮಡಚಿ ಕೂತುಬಿಟ್ಟಳು. ಆಳುಗಳು ಗುದ್ದಲಿ ಕೆಳಗಿಟ್ಟರು. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಅತ್ತಿ, ಏಳು. ಹತ್ತು ಗಂಟೆಗೆ ಮ್ಯಾಲಿನ ಸಾಹೇಬ್ರು ಬರ್ತಾರ."

"ಬರ್ಲಿ."

"ನನ್ನ ನೌಕರಿ ಹೋಕ್ಕೈತಿ ಅತ್ತಿ!"

"ನೌಕರಿ ಹೋದ್ರ ಇನ್ನೊಂದು ಬರ್ತೈತಿ ಬಿಡು."

ನನಗೆ ಸಿಟ್ಟು ಬಂತು. "ಒಂದು ಮೊಳ ಗೊಬ್ಬರಕ್ಕ ಇಷ್ಟು ಹಟ ಏನ ನಿಂದು? ಹೆಪ್ಪು ಅಂತ ಹೆಪ್ಪು! ನಾಳಿಂದ ಹಾಕಿದ್ರ ಮತ್ತೊಂದು ತಿಪ್ಪಿ ಆಕ್ಕೈತಿ. ನಾನಾ, ತಿಪ್ಪೀನಾ, ಯಾವುದು ಬೇಕು ಹೇಳಿಬಿಡು ಈಗ!" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದೆ.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಅವಳು ನೆಲ ನೋಡಿ ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹತ್ತಿರ ಹೋಗಿ ಬಗ್ಗಿ ಕೂತೆ.

"ತೌಡು ನಾ ತಗೊಳ್ಳಿಲ್ಲೋ ತಿಪ್ಪ್ಯಾ" ಎಂದಳು.

"ಯಾವ ತೌಡು?"

"ನಿಮ್ಮವ್ವ ಕೊಟ್ಟದ್ದು. ಸಂಡೂರಿಂದ ಬಂದು ನನಗಿನ್ನಾ ಎರಡು ತಿಂಗಳು. ಮುಖ ಮ್ಯಾಲೆತ್ತಿ ಹೊರಗ ಬರ್ತಿರಲಿಲ್ಲ ನಾ. ಅವತ್ತು ನಿನ್ನ ಎತ್ತಿಕೋ ಅಂತ ಕಳಿಸಿದ್ರು. ಎತ್ತಿಕೊಂಡೆ. ಬೆಚ್ಚಗ ಇದ್ದಿ. ನಿಮ್ಮವ್ವ ಮೊರ ಮುಂದ ಹಿಡದ್ಲು. ನಿನ್ನ ಆಕಿ ಕೈಗೆ ಕೊಟ್ಟೆ, ಮೊರ ಇಸಗೊಂಡೆ. ಎಲ್ರೂ ಒಳಗ ಹೋದ ಮ್ಯಾಲ ತೌಡು ತಿರುಗಿ ಆಕಿ ಗಡಿಗ್ಯಾಗ ಸುರುವಿಬಿಟ್ಟೆ. ಮಾರಾಕ ಮನಸ್ಸು ಬರಲಿಲ್ಲ."

"ಅವ್ವಗ ಗೊತ್ತಾಗಲಿಲ್ಲಾ?"

"ಗಡಿಗಿ ತುಂಬಿದ್ದು ನೋಡಿದ್ಲು. ನನ್ನೂ ನೋಡಿದ್ಲು. ಸಾಯೂತನಕ ಒಂದು ಮಾತು ಅನಲಿಲ್ಲ."

ಅವಳೇ ಮುಂದುವರಿಸಿದಳು. "ವ್ಯಾಪಾರ ಪೂರಾ ಆಗಲಿಲ್ಲ ನೋಡು. ಅದು ನನ್ನ ತಪ್ಪು. ಯಾವತ್ತರ ಬಂದು, ಈ ಕೂಸು ಎಲ್ಲಿದು, ಯಾರು ಕೊಂಡಾರ ಅಂತ ಕೇಳಿದ್ರ? ಇಲ್ಲೇ ಬಿದ್ದಿತ್ತು, ಯಾರಿಗೂ ಬ್ಯಾಡಾಗಿತ್ತು ಅಂತ ತೋರಸಾಕ ತಿಪ್ಪೀನರ ಇರಬೇಕಲ್ಲ."

ಅಂದು ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋದದ್ದು ತಿರುಗಿ ಬಂದರೆ ಎಂಬುದೇ ಅವಳ ಭಯ. ನಲವತ್ತಮೂರು ವರ್ಷ, ಪ್ರತಿ ಮಳೆಗಾಲದ ಮುಂಚೆ, ಸೆರಗು ಸಿಕ್ಕಿಸಿಕೊಂಡು ನಿಂತು ಅವಳು ಕಾದದ್ದು ಗೊಬ್ಬರವನ್ನಲ್ಲ. ಆ ಮನೆಯಲ್ಲಿ ಚಿಂತೆ ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆನಲ್ಲ!

ಗಂಟೆ ಒಂಬತ್ತೂವರೆ. ಬೋಳು ತಲೆಯ, ಕನ್ನಡಕದ, ಕೈಯಲ್ಲಿ ಕೊಡೆ ಹಿಡಿದ ಕೂಸು ಎದ್ದು ನಿಂತಿತು. ಒಳಗೆ ಹೋದೆ. ಗೋಡೆಗೆ ನಿಲ್ಲಿಸಿದ್ದ ಮೊರ ತೆಗೆದುಕೊಂಡೆ. ನನ್ನ ನಾಲ್ಕು ನೋಟೀಸು ಬಳಿದ ಅದೇ ಮೊರ. ಎಮ್ಮೆಗೆಂದು ತಂದಿಟ್ಟಿದ್ದ ಚೀಲದಿಂದ ತೌಡು ತುಂಬಿದೆ, ಅಂಚಿನಿಂದ ಉದುರುವಷ್ಟು. ಹೊರಗೆ ತಂದು ಅತ್ತೆಯ ಮುಂದೆ ಹಿಡಿದೆ.

"ಅವ್ವನ ಹೆಸರಿಲೆ ನಾ ಕೊಡ್ತೀನಿ. ಈಗ ತಗೋ ಅತ್ತಿ. ವ್ಯಾಪಾರ ಪೂರಾ ಆಕ್ಕೈತಿ. ಆಮ್ಯಾಲ ಯಾರು ಬಂದು ಕೇಳಿದ್ರೇನು? ತಿಪ್ಪಿ ಇದ್ರೇನು, ಹೋದ್ರೇನು?"

ಇದಕ್ಕಿಂತ ಒಳ್ಳೆಯ ಉಪಾಯ ನನ್ನ ಜನ್ಮದಲ್ಲಿ ನನಗೆ ಹೊಳೆದಿಲ್ಲ. ಅತ್ತೆಯ ಭಯವೂ ಹೋಯಿತು, ನನ್ನ ನೌಕರಿಯೂ ಉಳಿಯಿತು!

ಅತ್ತೆ ಮೊರ ನೋಡಿದಳು. ನನ್ನನ್ನು ನೋಡಿದಳು. ತಾನು ಕೂತ ಬುಡದ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದಳು. ಹನುಮ ಎತ್ತಿನ ಗಂಟೆ ಅಲುಗದಂತೆ ಕೈಯಲ್ಲಿ ಹಿಡಿದುಕೊಂಡಿದ್ದ. ಅವಳು ಎರಡೂ ಕೈ ಚಾಚಿದಳು. ಮೊರದ ಅಂಚನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಪಕ್ಕಕ್ಕೆ ನಿಂತಳು.

"ಏ ಹನುಮಾ, ಒಯ್ಯಿ ಇದನ್ನ."

"ಮತ್ತ ತೌಡು?" ಎಂದೆ ನಾನು.

"ಎಮ್ಮಿಗೆ ಹಾಕು."

"ಅಲ್ಲ ಅತ್ತಿ, ನೀ ಇದನ್ನ ತಗೊಂಡ್ರ..."

"ತಿಪ್ಪಿ ಬಿಟ್ಟೆ, ಒಯ್ಯಿರಿ. ನೋಡ್ಕೊಂತೀನಿ, ಯಾರು ಬಂದು ಕೇಳ್ತಾರೋ ಕೇಳ್ಲಿ, ನಾ ಇನ್ನಾ ಸತ್ತಿಲ್ಲ. ಮಾರಂಗಿಲ್ಲ ಅಂದ್ರ ಮಾರಂಗಿಲ್ಲ!"

ಮೊರ ಹೊತ್ತುಕೊಂಡು ಕೊಟ್ಟಿಗೆಗೆ ಹೋದೆ. ಎಮ್ಮೆ ನನ್ನ ಬೆಲೆಯನ್ನು ನಾಲ್ಕೇ ಬಾಯಿಗೆ ಮುಗಿಸಿ, ಮೊರವನ್ನೂ ನೆಕ್ಕಿ, ಇನ್ನೇನಾದರೂ ಇದೆಯೇ ಎಂದು ನನ್ನ ಮುಖ ನೋಡಿತು.

ಹೊರಗೆ ಗುದ್ದಲಿಯ ಸದ್ದು ಕೇಳುತ್ತಿತ್ತು. ಕಸದ ಗುಮಾಸ್ತನಾಗಿ ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಂದು ದಿನವೂ ನಾನು ಕಸವನ್ನು ಕೈಯಿಂದ ಮುಟ್ಟಿದವನಲ್ಲ. ಖಾಲಿ ಮೊರ ಹಿಡಿದು ಹೊರಗೆ ಬಂದು ಕೊಡೆಯನ್ನು ಗೋಡೆಗೆ ಒರಗಿಸಿದೆ. ಅಂಗಿಯ ತೋಳು ಮಡಚಿ, ಬುಡದ ಹತ್ತಿರ ಕೂತು, ಎರಡೂ ಕೈಯಿಂದ ಕರಿಮಣ್ಣು ತೋಡಿ ಅದೇ ಮೊರಕ್ಕೆ ತುಂಬಿದೆ. ಒಳಗೆ ಇನ್ನೂ ಬೆಚ್ಚಗಿತ್ತು. ಹನುಮ ಆ ಕಡೆ ತಿರುಗಿ ಎತ್ತಿನ ಕೊರಳು ತುರಿಸುತ್ತ ನಿಂತ. 'ಬುಡಸಹಿತ ತೆಗೆಯಲಾಗಿದೆ' ಎಂದು ಆ ದಿನ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಸುಳ್ಳು ಬರೆದು ಅದರ ಚಿಂತೆ ಮಾಡದೆ ಇದ್ದದ್ದು ಅದೊಂದೇ ಸಲ.

ಅಡಿಗೆಮನೆಯ ಹಿಂಬಾಗಿಲಲ್ಲಿ ಅತ್ತೆ ಬೆನ್ನು ಮಾಡಿ ಕೂತಿದ್ದಳು. ಮೊರವನ್ನು ಅವಳ ಪಕ್ಕದಲ್ಲಿಟ್ಟೆ. ಅವಳು ಕಣ್ಣು ಒರೆಸಿಕೊಂಡು ತಿರುಗಿ ನೋಡಿದಳು.

"ಏನ್ಲೇ ಇದು ಕಸ?"

"ಹೆಪ್ಪು, ಅತ್ತಿ."